ಮೊದಲು ನಿದಾನ, ಆಮೇಲೆ ಚಿಕಿತ್ಸೆ

ಯಂತ್ರವೊಂದು ಕೆಟ್ಟಾಗ ಅದನ್ನು ಸರಿಪಡಿಸಲು ಎರಡು ಮಾರ್ಗಗಳುಂಟು. ಕೆಟ್ಟಿರಬಹುದೆಂದು ಸಂದೇಹ ಬಂದ ಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸುತ್ತ ಹೋಗುವುದು ಮೊದಲನೆಯದು. ಕೆಟ್ಟಿರುವುದು ಯಾವುದೆಂಬುದನ್ನು ಲಕ್ಷಣಗಳಿಂದ ಗೊತ್ತುಮಾಡಿಕೊಂಡು ಅದೊಂದನ್ನೇ ಸರಿಪಡಿಸುವುದು ಎರಡನೆಯದು. ಎರಡನೆಯ ಮಾರ್ಗವೇ ಮೇಲೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಆಚರಣೆಯಲ್ಲಿ ಮಾತ್ರ ನಡೆಯುವುದು ಬಹುಮಟ್ಟಿಗೆ ಮೊದಲನೆಯದೇ. ನಮ್ಮ ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಗುರುತಿಸುವುದಕ್ಕೆ ‘ನಿದಾನ’ವೆಂದು ಹೆಸರು. ನಿದಾನವಾದ ಮೇಲೆ ಚಿಕಿತ್ಸೆ. ಈ ಕ್ರಮ ತಪ್ಪಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ರೋಗಿಗೆ ಸಲ್ಲುವ ಈ ನಿಯಮ ಯಂತ್ರಕ್ಕೂ ಸಲ್ಲುತ್ತದೆಂಬುದೂ, ಯಂತ್ರದ ನಿದಾನವು ವಿಜ್ಞಾನದ ವಿದ್ಯಾರ್ಥಿಗೆ ಪಠ್ಯಪುಸ್ತಕದಷ್ಟೇ ಒಳ್ಳೆಯ ಗುರುವೆಂಬುದೂ ನಮ್ಮ ಅಭಿಪ್ರಾಯ. ಈ ಅಭಿಪ್ರಾಯವನ್ನು ಒಂದೇ ಒಂದು ಉದಾಹರಣೆಯಿಂದ ಸಮರ್ಥಿಸಲು ಇಲ್ಲಿ ಯತ್ನಿಸುತ್ತೇವೆ.

ಸ್ವಯಂಚಾಲಿತ ಗೇರುಪೆಟ್ಟಿಗೆಯುಳ್ಳ ಒಂದು ಟ್ರಕ್ಕನ್ನು ಊಹಿಸಿಕೊಳ್ಳಿ. ಚಾಲಕನು ಗೇರ್ ಲಿವರನ್ನು ರಿವರ್ಸ್ ಸ್ಥಾನಕ್ಕೆ ತರುತ್ತಾನೆ. ಎಂಜಿನ್ನು ಓಡುತ್ತಿದೆ, ಗಾಡಿ ಮಾತ್ರ ಅಲುಗದು. ಒಂದು ಕ್ಷಣ, ಎರಡು ಕ್ಷಣ, ಮೂರು ಕ್ಷಣ ಕಳೆದ ಮೇಲೆ ದಢಕ್ಕನೆ ಗೇರು ಹಿಡಿದು ಗಾಡಿ ಹಿಂದಕ್ಕೆ ಜಗ್ಗುತ್ತದೆ. ಇದು ಬರಿಯ ಕಿರುಕುಳವಲ್ಲ. ಗೇರು ಬೀಳಲಿಲ್ಲವೆಂದು ಭ್ರಮಿಸಿದ ಚಾಲಕನು ಆಕ್ಸಿಲರೇಟರನ್ನು ತುಳಿದನೆಂದರೆ, ಮೊರೆಯುತ್ತಿರುವ ಎಂಜಿನ್ನಿಗೆ ಗೇರು ತಟ್ಟನೆ ಕೂಡಿಕೊಂಡು ಗಾಡಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಇರುವುದು ಗೋಡೆಯಾಗಿರಬಹುದು, ಸರಕಿಳಿಸುತ್ತಿರುವ ಆಳಾಗಿರಬಹುದು, ಆಡುತ್ತಿರುವ ಮಗುವಾಗಿರಬಹುದು. ಆದುದರಿಂದ ಈ ದೋಷವನ್ನು ಅಲಕ್ಷಿಸುವಂತಿಲ್ಲ. ಆದರೆ ಲಕ್ಷಿಸುವುದೆಂದರೆ ಕೂಡಲೇ ಗೇರುಪೆಟ್ಟಿಗೆಯನ್ನು ಕಳಚಿ ನೆಲಕ್ಕಿಳಿಸುವುದೆಂದು ಅರ್ಥವಲ್ಲ.

ಇಂಥ ಗೇರುಪೆಟ್ಟಿಗೆಗಳು ಮೊದಲು ಬೆಳೆದುದು ಅಮೆರಿಕದಲ್ಲಿ. ಅಲ್ಲಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ೧೯೪೦ರ ಮಾದರಿಯಿಂದ ಹೈಡ್ರಾಮ್ಯಾಟಿಕ್ ಎಂಬ ಸಂಪೂರ್ಣ ಸ್ವಯಂಚಾಲಿತ ಗೇರುಪೆಟ್ಟಿಗೆ ಬಂದಿತು. ಮುಂದೆ ೧೯೫೬ರಲ್ಲಿ ಕ್ರೈಸ್ಲರ್ ಕಂಪೆನಿಯು ಟಾರ್ಕ್‌ಫ್ಲೈಟ್ ಎಂಬುದನ್ನು ತಂದಿತು. ಹೋವರ್ಡ್ ಸಿಂಪ್ಸನ್ ಎಂಬ ಎಂಜಿನಿಯರು ರೂಪಿಸಿದ ಗ್ರಹಚಕ್ರಗಳ ಜೋಡಣೆಯೇ ಅದರ ಹೃದಯ. ೧೯೬೨ರಲ್ಲಿ ಅಲ್ಯೂಮಿನಿಯಂ ಹೊರಕವಚದೊಡನೆ ಬಂದ ಅದರ ೭೨೭ ಎಂಬ ಮಾದರಿಯು ಡಾಡ್ಜ್ ಪಿಕಪ್ ಟ್ರಕ್ಕುಗಳಲ್ಲಿ ಹಲವು ದಶಕಗಳ ಕಾಲ ದುಡಿಯಿತು. ನಮ್ಮ ದೇಶದ ಲಾರಿಗಳು ಬಹುಪಾಲು ಕೈಯಿಂದಲೇ ಗೇರು ಬದಲಿಸುವಂಥವು. ಆದರೂ ೨೦೨೨ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಂಥ ಪಿಕಪ್ಪುಗಳಲ್ಲಿ ಸ್ವಯಂಚಾಲಿತ ಗೇರು ಇಲ್ಲಿಯೂ ಕಾಣಬರುತ್ತಿದೆ. ನಮ್ಮ ವಿವೇಚನೆಗೆ ಹಳೆಯ ೭೨೭ನ್ನೇ ಆರಿಸಿಕೊಳ್ಳೋಣ. ಅದರ ರಚನೆ ಸರಳ, ತರ್ಕ ಸ್ಪಷ್ಟ.

ಅದರೊಳಗೆ ಹಿಡಿದುಕೊಳ್ಳುವ ಅಂಗಗಳು ಐದು: ಮುಂದಿನ ಕ್ಲಚ್ಚು, ಹಿಂದಿನ ಕ್ಲಚ್ಚು, ಮುಂದಿನ ಪಟ್ಟಿ, ಹಿಂದಿನ ಪಟ್ಟಿ, ಮತ್ತು ಸೈಕಲಿನ ಫ್ರೀವೀಲಿನಂತೆ ಒಂದೇ ದಿಕ್ಕಿಗೆ ಹಿಡಿತ ಕೊಡುವ ಒಂದು ಏಕಮುಖ ಕ್ಲಚ್ಚು. ಮೊದಲ ನಾಲ್ಕನ್ನು ದುಡಿಸುವುದು ಪಂಪು ಒತ್ತಿ ಕಳುಹಿಸಿದ ಎಣ್ಣೆ. ಐದನೆಯದಕ್ಕೆ ಎಣ್ಣೆಯ ಒತ್ತಡದ ಹಂಗಿಲ್ಲ. ಯಾವ ಗೇರಿನಲ್ಲಿ ಯಾವುದು ದುಡಿಯುತ್ತದೆಂಬುದನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಕ್ಕೆ ಹೋಗುವ ಎಲ್ಲ ಗೇರುಗಳಲ್ಲಿಯೂ ಹಿಂದಿನ ಕ್ಲಚ್ಚು ಹಿಡಿದಿರುತ್ತದೆ. ಅದಕ್ಕೆ ಜೊತೆಯಾಗಿ ಸಾಮಾನ್ಯ ಮೊದಲನೆಯ ಗೇರಿನಲ್ಲಿ ಏಕಮುಖ ಕ್ಲಚ್ಚು, ಎರಡನೆಯದರಲ್ಲಿ ಮುಂದಿನ ಪಟ್ಟಿ, ಮೂರನೆಯದರಲ್ಲಿ ಮುಂದಿನ ಕ್ಲಚ್ಚು. ಚಾಲಕನು ಲಿವರನ್ನು ತಾನಾಗಿ ‘೧’ ಎಂಬಲ್ಲಿ ಇಟ್ಟರೆ ಏಕಮುಖ ಕ್ಲಚ್ಚಿಗೆ ಬೆಂಬಲವಾಗಿ ಹಿಂದಿನ ಪಟ್ಟಿಯೂ ಬಿಗಿಯುತ್ತದೆ. ರಿವರ್ಸ್ ಗೇರಿನಲ್ಲಾದರೋ ಮುಂದಿನ ಕ್ಲಚ್ಚು ಮತ್ತು ಹಿಂದಿನ ಪಟ್ಟಿ ಎರಡೂ ಕೂಡಿ ಹಿಡಿಯಬೇಕು.

ಇಷ್ಟು ತಿಳಿದ ಕೂಡಲೇ ಒಂದು ರಹಸ್ಯ ಬಯಲಾಗುತ್ತದೆ. ನಿಂತ ಗಾಡಿಯನ್ನು ಮುಂದಕ್ಕೆ ಹೊರಡಿಸಲು ಎಣ್ಣೆ ತುಂಬಬೇಕಾದುದು ಒಂದೇ ಕ್ಲಚ್ಚಿನ ಕೋಣೆಯನ್ನು. ಹಿಂದಕ್ಕೆ ಹೊರಡಿಸಲು ಎರಡು ಅಂಗಗಳ ಕೋಣೆಗಳನ್ನು. ಎಣ್ಣೆಯ ಸರಬರಾಜು ಕ್ಷೀಣಿಸಿದಾಗ ಮೊದಲು ನರಳುವುದು ರಿವರ್ಸ್ ಗೇರೇ ಎಂಬುದಕ್ಕೆ ಇದೊಂದು ಕಾರಣ.

ಎರಡನೆಯ ಕಾರಣ ನ್ಯೂಟನ್ನನ ಯಂತ್ರಶಾಸ್ತ್ರದಲ್ಲಿದೆ. ಟಾರ್ಕ್ ಎಂದು ಕರೆಯುವ ತಿರುಗುಬಲಗಳ ಲೆಕ್ಕವನ್ನು ನೋಡೋಣ. ೭೨೭ರಲ್ಲಿ ಮೊದಲನೆಯ ಗೇರಿನ ಅನುಪಾತ ೨.೪೫, ರಿವರ್ಸಿನದು ೨.೨೦. ಪೆಟ್ಟಿಗೆಯೊಳಕ್ಕೆ ೧ ಮಾನ ತಿರುಗುಬಲ ಹೊಕ್ಕರೆ ಮೊದಲನೆಯ ಗೇರಿನಲ್ಲಿ ಅದೇ ದಿಕ್ಕಿನಲ್ಲಿ ೨.೪೫ ಮಾನ ಹೊರಬರುತ್ತದೆ, ಮಿಕ್ಕ ೧.೪೫ ಮಾನವನ್ನು ಒಳಗೆ ಹಿಡಿದು ನಿಂತ ಅಂಗವು ಒದಗಿಸಬೇಕು. ರಿವರ್ಸಿನಲ್ಲಿ ೨.೨೦ ಮಾನ ಹೊರಬರುವುದು ವಿರುದ್ಧ ದಿಕ್ಕಿನಲ್ಲಿ. ಆದ್ದರಿಂದ ಇಲ್ಲಿ ಕಳೆಯುವುದಲ್ಲ, ಕೂಡಬೇಕು. ಹಿಂದಿನ ಪಟ್ಟಿ ತಡೆಯಬೇಕಾದುದು ೩.೨೦ ಮಾನ. ಮೊದಲನೆಯ ಗೇರಿನಲ್ಲಿ ತಡೆಯಬೇಕಾದುದರ ಎರಡು ಪಟ್ಟಿಗೂ ಮಿಕ್ಕಿತು! ಇಷ್ಟು ಭಾರಿ ಹಿಡಿತಕ್ಕೆ ಭಾರಿ ಒತ್ತಡವೇ ಬೇಕು. ಅದಕ್ಕಾಗಿಯೇ ರಿವರ್ಸಿನಲ್ಲಿ ಎಣ್ಣೆಯ ಒತ್ತಡವನ್ನು ಚದರ ಅಂಗುಲಕ್ಕೆ ೨೦೦ ಪೌಂಡನ್ನೂ ಮೀರುವಂತೆ, ಎಂದರೆ ವಾಯುಮಂಡಲದ ಒತ್ತಡದ ಹದಿಮೂರು ಪಟ್ಟಿಗೂ ಹೆಚ್ಚಾಗಿ, ಏರಿಸುವ ಏರ್ಪಾಡು ಇದೆ. ಒತ್ತಡ ಹೆಚ್ಚಿದಷ್ಟೂ ಸೋರುವ ಚಪಲ ಹೆಚ್ಚು. ಮುಂಗೇರುಗಳಲ್ಲಿ ಮರೆಯಾಗಿದ್ದ ಸಣ್ಣ ಬಿರುಕು ರಿವರ್ಸಿನಲ್ಲಿ ಬಾಯಿಬಿಡುತ್ತದೆ.

ತಡವಾಗುವುದು ಹೇಗೆ ಎಂಬುದನ್ನೂ ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕೋಣೆ ತುಂಬಲು ೧೦೦ ಘನ ಸೆಂಟಿಮೀಟರ್ ಎಣ್ಣೆ ಬೇಕೆಂದೂ, ಸೆಕೆಂಡಿಗೆ ೨೦೦ ಘನ ಸೆಂಟಿಮೀಟರ್ ಹರಿದು ಬರುತ್ತದೆಂದೂ ಭಾವಿಸೋಣ. ಸೋರಿಕೆ ಇಲ್ಲದಿದ್ದರೆ ಅರ್ಧ ಸೆಕೆಂಡು ಸಾಕು. ಬಂದುದರಲ್ಲಿ ಅರ್ಧ ಸೋರಿಹೋದರೆ ೧ ಸೆಕೆಂಡು. ಮುಕ್ಕಾಲು ಸೋರಿದರೆ ೨ ಸೆಕೆಂಡು. ಹತ್ತರಲ್ಲಿ ಒಂಬತ್ತು ಪಾಲು ಸೋರಿದರೆ ೫ ಸೆಕೆಂಡು. ಸೋರಿಕೆಯು ಒತ್ತಡದೊಡನೆ ಬದಲಾಗುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ. ಆದರೂ ಇದರ ಸಾರ ಸುಳ್ಳಲ್ಲ: ಸೋರಿಕೆ ಮೆಲ್ಲಮೆಲ್ಲನೆ ಬೆಳೆದರೂ ತಡವು ಕೊನೆಕೊನೆಗೆ ಹಠಾತ್ತಾಗಿ ಬೆಳೆಯುತ್ತದೆ. ‘ನಿನ್ನೆಯವರೆಗೂ ಚೆನ್ನಾಗಿತ್ತು’ ಎಂಬ ಚಾಲಕನ ಮಾತಿನಲ್ಲಿ ಸುಳ್ಳಿಲ್ಲ. ಆದರೆ ರೋಗ ನಿನ್ನೆಯದಲ್ಲ.

ಇನ್ನು ನಿದಾನಕ್ಕೆ ಬರೋಣ. ಮೊದಲನೆಯ ಹೆಜ್ಜೆ ಅಳತೆ. ‘ಬಹಳ ತಡ’ ಎಂಬುದು ದೂರು. ‘೩ ಸೆಕೆಂಡು’ ಎಂಬುದು ಮಾಹಿತಿ. ಟೊಯೊಟಾ ಕಂಪೆನಿಯ ಹಲವು ಗೇರುಪೆಟ್ಟಿಗೆಗಳ ದುರಸ್ತಿ ಕೈಪಿಡಿಗಳಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ವಿಧಾನವಿದೆ. ಎಣ್ಣೆಯ ಉಷ್ಣತೆ ೫೦ರಿಂದ ೮೦ ಡಿಗ್ರಿ ಸೆಲ್ಸಿಯಸ್ ಇರಬೇಕು, ಕೈಬ್ರೇಕು ಹಾಕಿರಬೇಕು, ಲಿವರನ್ನು ನ್ಯೂಟ್ರಲಿನಿಂದ ಸರಿಸಿದ ಕ್ಷಣದಿಂದ ಗೇರು ಹಿಡಿದ ಜಗ್ಗು ಅನುಭವಕ್ಕೆ ಬರುವವರೆಗೆ ಗಡಿಯಾರದಿಂದ ಅಳೆಯಬೇಕು, ಅಳತೆಗಳ ನಡುವೆ ಒಂದು ನಿಮಿಷ ಬಿಡಬೇಕು, ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಮುಂಗೇರಿಗೆ ೧.೨ ಸೆಕೆಂಡು, ರಿವರ್ಸಿಗೆ ೧.೫ ಸೆಕೆಂಡು ಮೀರಕೂಡದು. ರಿವರ್ಸಿಗೆ ಸ್ವಲ್ಪ ಹೆಚ್ಚು ಕಾಲ ಕೊಟ್ಟಿರುವುದನ್ನು ಗಮನಿಸಿ. ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಅಳೆಯುವ ವಿದ್ಯಾರ್ಥಿಗೆ ಈ ಕ್ರಮದಲ್ಲಿ ಹೊಸದೇನೂ ಇಲ್ಲ. ಗ್ಯಾರೇಜಿನಲ್ಲಿಯೂ ಅದೇ ಶಿಸ್ತು ಬೇಕೆಂಬುದೇ ಹೊಸ ಸಂಗತಿ. ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟೇ ಇಂಥ ಪರೀಕ್ಷೆ ಮಾಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಹೆಜ್ಜೆ, ಕಾಸು ಖರ್ಚಿಲ್ಲದೆ ನೋಡಬಹುದಾದುದನ್ನು ಮೊದಲು ನೋಡುವುದು. ಎಣ್ಣೆಯ ಮಟ್ಟ ಸರಿಯಾಗಿದೆಯೆ? ೭೨೭ರಲ್ಲಿ ಇದನ್ನು ಎಂಜಿನ್ನು ಓಡುತ್ತಿರುವಾಗ, ಎಣ್ಣೆ ಬಿಸಿಯಾಗಿರುವಾಗ, ಲಿವರು ನ್ಯೂಟ್ರಲಿನಲ್ಲಿರುವಾಗ ನೋಡಬೇಕು. ಬೇರೆ ರೀತಿಯಲ್ಲಿ ನೋಡಿದರೆ ಅಳತೆ ತಪ್ಪುತ್ತದೆ. ಮಟ್ಟ ಇಳಿದಿದ್ದರೆ ಪಂಪು ಎಣ್ಣೆಯೊಡನೆ ಗಾಳಿಯನ್ನೂ ಹೀರುತ್ತದೆ. ಪಾಸ್ಕಲನ ನಿಯಮ ನೆಮ್ಮದಿಯಿಂದ ದುಡಿಯುವುದು ದ್ರವವು ಹೆಚ್ಚುಕಡಿಮೆ ಕುಗ್ಗದೆ ನಿಲ್ಲುವುದರಿಂದ. ನೊರೆಯಾದರೋ ಕುಗ್ಗುತ್ತದೆ, ಪಂಪಿನ ಶ್ರಮವೆಲ್ಲ ಗುಳ್ಳೆಗಳನ್ನು ಹಿಸುಕುವುದರಲ್ಲಿಯೇ ಕಳೆದುಹೋಗುತ್ತದೆ. ಎಣ್ಣೆಯ ಬಣ್ಣ, ವಾಸನೆ ಹೇಗಿವೆ? ಲಿವರಿನ ಕೊಂಡಿ ಸರಿಯಾಗಿ ಹೊಂದಿದೆಯೆ? ಲಿವರು ರಿವರ್ಸಿನಲ್ಲಿದ್ದರೂ ಒಳಗಿನ ಕವಾಟ ಅರ್ಧವೇ ತೆರೆದಿದ್ದರೆ ಎಣ್ಣೆ ತೊಟ್ಟಿಕ್ಕಿ ಹರಿಯುತ್ತದೆಯೇ ಹೊರತು ನುಗ್ಗಿ ಹರಿಯದು. ಇಂಥ ತಡಕ್ಕೆ ಬೇಕಾದುದು ಒಂದು ತಿರುಪಿನ ಹೊಂದಿಕೆ, ಹೊಸ ಗೇರುಪೆಟ್ಟಿಗೆಯಲ್ಲ.

ಮೂರನೆಯ ಹೆಜ್ಜೆಯೇ ನಿದಾನದ ಜೀವಾಳ. ನಮ್ಮ ತರ್ಕಶಾಸ್ತ್ರಜ್ಞರು ಕಾರಣವನ್ನು ಗೊತ್ತುಮಾಡಲು ಅನ್ವಯ, ವ್ಯತಿರೇಕ ಎಂಬ ಎರಡು ಸಾಧನಗಳನ್ನು ಹೇಳಿದ್ದಾರೆ. ಅದು ಇದ್ದಲ್ಲಿ ಇದೂ ಇದೆಯೆ? ಅದು ಇಲ್ಲದಲ್ಲಿ ಇದೂ ಇಲ್ಲವೆ? ಹಿಂದೆ ಹೇಳಿದ ಅಂಗಗಳ ವಿವರಕ್ಕೆ ಇದನ್ನು ಅನ್ವಯಿಸೋಣ. ರಿವರ್ಸಿನಲ್ಲಿ ದುಡಿಯುವ ಮುಂದಿನ ಕ್ಲಚ್ಚೇ ಮೂರನೆಯ ಗೇರಿನಲ್ಲಿಯೂ ದುಡಿಯುತ್ತದೆ. ಗಾಡಿಯನ್ನು ಓಡಿಸಿ ನೋಡಿ. ಎರಡರಿಂದ ಮೂರಕ್ಕೆ ಬದಲಾಗುವಾಗ ಎಂಜಿನ್ನು ಹಿಡಿತವಿಲ್ಲದೆ ಮೊರೆದರೆ ಸಂದೇಹವೆಲ್ಲ ಮುಂದಿನ ಕ್ಲಚ್ಚಿನ ಮೇಲೆ. ಮೂರನೆಯ ಗೇರು ಚೊಕ್ಕವಾಗಿ ಬಿದ್ದರೆ ಆ ಕ್ಲಚ್ಚು ಬಹುಮಟ್ಟಿಗೆ ನಿರಪರಾಧಿ. ಹಾಗೆಯೇ ಲಿವರನ್ನು ‘೧’ರಲ್ಲಿಟ್ಟು, ಬಿಡುವಾದ ರಸ್ತೆಯಲ್ಲಿ ಮೆಲ್ಲನೆ ಹೋಗುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಹಿಂದಿನ ಪಟ್ಟಿ ಹಿಡಿದಿದ್ದರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಹಿಡಿಯದಿದ್ದರೆ ಗಾಡಿ ಪೆಡಲು ಬಿಟ್ಟ ಸೈಕಲಿನಂತೆ ಸುಮ್ಮನೆ ಉರುಳುತ್ತದೆ. ಹಿಂದಿನ ಪಟ್ಟಿ ಸಡಿಲವಾಗಿದ್ದರೆ ಅದನ್ನು ಒತ್ತುವ ಪಿಸ್ಟನ್ನು ಹೆಚ್ಚು ದೂರ ಸಾಗಬೇಕಾಗಿ ಹೆಚ್ಚು ಎಣ್ಣೆ ಬೇಡುತ್ತದೆ. ತಡಕ್ಕೆ ಅದಿಷ್ಟೇ ಸಾಕು. ೭೨೭ರಲ್ಲಿ ತಳದ ಎಣ್ಣೆತಟ್ಟೆಯನ್ನು ತೆಗೆದು ಈ ಪಟ್ಟಿಯನ್ನು ತಿರುಪಿನಿಂದ ಬಿಗಿಮಾಡಬಹುದು. ಇನ್ನು ಮುಂಗೇರುಗಳೂ ತಡವಾಗುತ್ತಿದ್ದರೆ ಅಪರಾಧಿ ಎಲ್ಲಕ್ಕೂ ಸಮಾನವಾದ ಪಂಪು, ಫಿಲ್ಟರು ಅಥವಾ ಒತ್ತಡವನ್ನು ನಿಯಂತ್ರಿಸುವ ಕವಾಟ ಆಗಿರಬೇಕು. ನೋಡಿ, ಒಂದು ನಟ್ಟನ್ನೂ ಬಿಚ್ಚದೆ ಎಷ್ಟು ದೂರ ಬಂದೆವು!

ತಡವು ಯಾವಾಗ ತೋರುತ್ತದೆಂಬುದೂ ಒಂದು ಸಾಕ್ಷಿ. ವಯಸ್ಸಾದ ರಬ್ಬರ್ ಸೀಲುಗಳು ಗಡುಸಾಗುತ್ತವೆ. ತಣ್ಣಗಿರುವಾಗ ಗೋಡೆಗೆ ಅಂಟಿ ಕೂರುವುದಿಲ್ಲ, ಬಿಸಿಯಾದಾಗ ತುಸು ಮೆತ್ತಗಾಗಿ ಕೂರುತ್ತವೆ. ಬೆಳಿಗ್ಗೆ ತೋರಿ ಮಧ್ಯಾಹ್ನ ಮಾಯವಾಗುವ ತಡ ಸೀಲುಗಳತ್ತ ಬೆರಳು ತೋರುತ್ತದೆ. ಬಿಸಿಯಾದ ಮೇಲೆ ಹೆಚ್ಚುವ ತಡವಾದರೋ ಬೇರೆ ಕಥೆ. ಎಣ್ಣೆ ಕಾದಂತೆ ಅದರ ಸ್ನಿಗ್ಧತೆ ಕುಗ್ಗಿ, ಸವೆದ ಲೋಹದ ಸಂದುಗಳಲ್ಲಿ ಸರಾಗವಾಗಿ ನುಸುಳುತ್ತದೆ. ಕಿರುಸಂದಿನ ಮೂಲಕ ಶಾಂತವಾಗಿ ಹರಿಯುವ ದ್ರವದ ಪ್ರಮಾಣವು ಸಂದಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಕಣ್ಣಿಗೆ ಕಾಣದಷ್ಟು ಸವೆತವೂ ಪಂಪನ್ನು ಮುಪ್ಪಾಗಿಸುವುದು ಹೀಗೆ.

ಕೊನೆಯ ಹೆಜ್ಜೆ ಉಪಕರಣಗಳದು. ಹಿಂದಿನ ಪಟ್ಟಿಯ ಪಿಸ್ಟನ್ನಿಗೆ ಹೋಗುವ ದಾರಿಯಲ್ಲಿ ಒತ್ತಡಮಾಪಕವನ್ನು ಜೋಡಿಸಲು ೭೨೭ರ ಹೊರಮೈಯಲ್ಲಿಯೇ ಒಂದು ರಂಧ್ರವುಂಟು. ಅಲ್ಲಿಗೆ ೩೦೦ ಪೌಂಡಿನವರೆಗೆ ತೋರುವ ಮಾಪಕ ಬೇಕು. ಲಿವರನ್ನು ರಿವರ್ಸಿಗೆ ತಂದಾಗ ಮುಳ್ಳು ತಡವಾಗಿ ಏರಿದರೆ ಕೊರತೆ ಎಣ್ಣೆಯ ಸರಬರಾಜಿನದು. ಮುಳ್ಳು ಥಟ್ಟನೆ ಏರಿಯೂ ಗಾಡಿ ಕದಲದಿದ್ದರೆ ಕೊರತೆ ಹಿಡಿಯುವ ಪಟ್ಟಿಯದು ಅಥವಾ ಅದರ ಜೊತೆಗಾರನಾದ ಮುಂದಿನ ಕ್ಲಚ್ಚಿನದು. ಆಗಲೂ ನಿರ್ಧಾರವಾಗದಿದ್ದರೆ ಎಣ್ಣೆತಟ್ಟೆಯನ್ನೂ ಕವಾಟಗಳ ಫಲಕವನ್ನೂ ತೆಗೆದು, ಆಯಾ ಅಂಗಕ್ಕೆ ಹೋಗುವ ರಂಧ್ರದೊಳಕ್ಕೆ ಒತ್ತಿದ ಗಾಳಿಯನ್ನು ಬಿಡುತ್ತಾರೆ. ಕ್ಲಚ್ಚು ಆರೋಗ್ಯವಾಗಿದ್ದರೆ ಒಳಗಿನಿಂದ ‘ಧಬ್’ ಎಂಬ ಮಂದ ಸದ್ದು ಕೇಳುತ್ತದೆ. ಪಟ್ಟಿ ಬಿಗಿಯುವುದು ಕಣ್ಣಿಗೇ ಕಾಣುತ್ತದೆ. ಸೀಲು ಹರಿದಿದ್ದರೆ ಗಾಳಿ ಬುಸ್ಸೆಂದು ಹೊರಬೀಳುತ್ತದೆ. ವೈದ್ಯನು ಎದೆಗೆ ಕಿವಿಗೊಡುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಇದನ್ನೆಲ್ಲ ಓದಿ ಆಕ್ಷೇಪಿಸುವವರಿದ್ದಾರೆ. ‘ಈ ಪರೀಕ್ಷೆಗಳಿಗೆ ಅರ್ಧ ದಿನ ಬೇಕು, ಅಷ್ಟರಲ್ಲಿ ಪೆಟ್ಟಿಗೆಯನ್ನು ಇಳಿಸಿಯೇಬಿಡಬಹುದು. ಹೇಗೂ ಹಳೆಯ ಗಾಡಿ. ಎಲ್ಲವನ್ನೂ ಹೊಸದು ಮಾಡಿದರೆ ನಿಶ್ಚಿಂತೆ’ ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿದ್ದರೆ, ತಟ್ಟೆಯಲ್ಲಿ ಲೋಹದ ಚೂರುಗಳಿದ್ದರೆ, ಬಿಚ್ಚುವುದೇ ಸರಿ. ಆದರೆ ಅದೂ ನಿದಾನದ ಫಲವೇ. ಕಾರಣ ತಿಳಿಯದೆ ಎಲ್ಲವನ್ನೂ ಹೊಸದು ಮಾಡಿದವನು, ಕಾರಣವು ಲಿವರಿನ ಕೊಂಡಿಯಲ್ಲಿದ್ದರೆ, ಹೊಸ ಪೆಟ್ಟಿಗೆಯಲ್ಲಿಯೂ ಅದೇ ತಡವನ್ನು ಕಾಣುತ್ತಾನೆ. ಇಲ್ಲಿ ನಮ್ಮ ತಪ್ಪೂ ಇದೆ. ಬದಲಿಸಿದ ಭಾಗಕ್ಕೆ ನಾವು ಸಂತೋಷದಿಂದ ಹಣ ಕೊಡುತ್ತೇವೆ. ಯೋಚಿಸಿ ಕಂಡುಹಿಡಿದ ಕಾರಣಕ್ಕೆ ಹಣ ಕೇಳಿದರೆ ಹುಬ್ಬು ಗಂಟಿಕ್ಕುತ್ತೇವೆ. ತಿಳಿವಿಗೆ ಬೆಲೆಯಿಲ್ಲದ ಕಡೆ ತಿಳಿದು ದುಡಿಯುವವನು ಹುಟ್ಟುವುದಾದರೂ ಹೇಗೆ?

ಇನ್ನೊಂದು ಆಕ್ಷೇಪ ಹೊಸ ಕಾಲದ್ದು. ‘ಈಗ ಗಾಡಿಗಳಲ್ಲಿ ಗಣಕಯಂತ್ರವಿದೆ, ದೋಷದ ಸಂಕೇತವನ್ನು ಅದೇ ಹೇಳುತ್ತದೆ, ತರ್ಕದ ಗೋಜು ಯಾರಿಗೆ ಬೇಕು?’ ಇದೂ ಪೂರ್ತಿ ಸರಿಯಲ್ಲ. ೧೯೯೩ರಿಂದ ಷೆವರ್ಲೆ ಟ್ರಕ್ಕುಗಳಲ್ಲಿ ಬಂದ ಫೋರ್ ಎಲ್ ಸಿಕ್ಸ್ಟಿ ಇ ಎಂಬ ಗೇರುಪೆಟ್ಟಿಗೆಯಲ್ಲಿ ಮುಂಗೇರುಗಳ ಬದಲಾವಣೆಯನ್ನು ವಿದ್ಯುನ್ಮಾನ ನಿಯಂತ್ರಣ ನಡೆಸುತ್ತದೆ. ಆದರೆ ಅದರ ರಿವರ್ಸಿಗೆ ಎಣ್ಣೆಯನ್ನು ತಿರುಗಿಸುವುದು ಇಂದಿಗೂ ಲಿವರು ಎಳೆಯುವ ಕವಾಟವೇ. ಗಡುಸಾದ ರಬ್ಬರಿಗೆ ತಂತಿಯ ಸಂಪರ್ಕವಿಲ್ಲ. ಅದು ಸಂಕೇತ ಕಳುಹಿಸದು. ಅಲ್ಲಿ ಅಂಗಗಳ ಹಂಚಿಕೆಯೂ ಬೇರೆ: ರಿವರ್ಸಿನ ಎರಡು ಕ್ಲಚ್ಚುಗಳಲ್ಲಿ ಒಂದು ರಿವರ್ಸಿಗೇ ಮೀಸಲು, ಇನ್ನೊಂದು ‘೧’ರಲ್ಲಿಯೂ ದುಡಿಯುತ್ತದೆ. ಆದುದರಿಂದ ಅಲ್ಲಿ ಮೂರನೆಯ ಗೇರಿನ ಸಾಕ್ಷ್ಯ ನಡೆಯದು, ‘೧’ರ ಸಾಕ್ಷ್ಯ ಮಾತ್ರ ನಡೆಯುತ್ತದೆ. ಪಟ್ಟಿ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ತರ್ಕ ಬದಲಾಗುವುದಿಲ್ಲ. ೭೨೭ರ ಪರೀಕ್ಷೆಯನ್ನು ಬಾಯಿಪಾಠ ಮಾಡಿದವನು ಇಲ್ಲಿ ಸೋಲುತ್ತಾನೆ. ಅರ್ಥ ಮಾಡಿಕೊಂಡವನು ಗೆಲ್ಲುತ್ತಾನೆ.

ನಮ್ಮ ತರಗತಿಗಳಿಗೂ ಈ ಮಾತು ಅನ್ವಯಿಸುತ್ತದೆ. ಭೌತಶಾಸ್ತ್ರವನ್ನು ಬೋಧಿಸುವ ನಾವು ಪಾಸ್ಕಲನ ನಿಯಮವನ್ನು ಹೇಳಿ, ಜಲಒತ್ತುಯಂತ್ರದ ಚಿತ್ರ ಬರೆಯಿಸಿ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆ ಚಿತ್ರದಲ್ಲಿ ಪಿಸ್ಟನ್ನು ಎಂದೂ ಸೋರುವುದಿಲ್ಲ, ದ್ರವ ಎಂದೂ ನೊರೆಗಟ್ಟುವುದಿಲ್ಲ, ಒತ್ತಡ ತಲುಪಲು ಎಂದೂ ತಡವಾಗುವುದಿಲ್ಲ. ನಿಯಮವನ್ನು ತಿಳಿಯಲು ಇಂಥ ಆದರ್ಶಚಿತ್ರ ಬೇಕು. ಲೋಕವನ್ನು ತಿಳಿಯಲು ಅದು ಸಾಲದು. ಕೆಟ್ಟ ಯಂತ್ರದಲ್ಲಿ ನಿಯಮವೇನೂ ಕೆಟ್ಟಿರುವುದಿಲ್ಲ. ಸೋರುವ ಪಿಸ್ಟನ್ನೂ ನಿಯಮಕ್ಕೆ ತಲೆಬಾಗಿಯೇ ಸೋರುತ್ತದೆ. ಆದ್ದರಿಂದಲೇ ಅದರ ವರ್ತನೆಯಿಂದ ಕಾರಣವನ್ನು ಊಹಿಸಲು ಸಾಧ್ಯ. ‘ಈ ಯಂತ್ರ ಹೇಗೆ ದುಡಿಯುತ್ತದೆ?’ ಎಂದು ಕೇಳುವ ಪರೀಕ್ಷೆಯಲ್ಲಿ ‘ಈ ಯಂತ್ರ ಹೀಗೆ ವರ್ತಿಸಿದರೆ ಅದರಲ್ಲಿ ಏನು ಕೆಟ್ಟಿದೆ? ಹೇಗೆ ನಿರ್ಧರಿಸುವಿರಿ?’ ಎಂಬ ಒಂದು ಪ್ರಶ್ನೆಯನ್ನಾದರೂ ಸೇರಿಸಬೇಕೆಂದು ನಮ್ಮ ಸಲಹೆ. ಅದಕ್ಕೆ ಉತ್ತರ ಬರೆಯಲು ಕಂಠಪಾಠ ನೆರವಾಗದು.

ವಿದ್ಯಾರ್ಥಿ ಮಿತ್ರರಿಗೆ ಸ್ವಯಂಚಾಲಿತ ಟ್ರಕ್ಕು ಸುಲಭವಾಗಿ ದೊರಕದಿರಬಹುದು. ಚಿಂತೆಯಿಲ್ಲ. ಮನೆಯ ನೀರೆತ್ತುವ ಪಂಪು, ಹೊಲಿಗೆಯಂತ್ರ, ಸೈಕಲು, ಯಾವುದಾದರೂ ಆದೀತು. ಅದರ ಭಾಗಗಳನ್ನೂ ಒಂದೊಂದು ಕೆಲಸದಲ್ಲಿ ಯಾವ ಯಾವ ಭಾಗಗಳು ಕೂಡಿ ದುಡಿಯುತ್ತವೆಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಅದು ಕೆಟ್ಟ ದಿನ, ಸ್ಪ್ಯಾನರಿಗೆ ಕೈಹಾಕುವ ಮುನ್ನ ಆ ಹಾಳೆಯನ್ನು ತೆಗೆದು ನೋಡಿ. ಯಾವುದು ನಡೆಯುತ್ತಿದೆ, ಯಾವುದು ನಡೆಯುತ್ತಿಲ್ಲ ಎಂದು ಗುರುತು ಹಾಕಿ. ಉಳಿದ ಸಂದೇಹಗಳು ಎರಡೋ ಮೂರೋ ಆಗಿರುತ್ತವೆ. ಅವುಗಳನ್ನು ಬೇರ್ಪಡಿಸುವ ಪರೀಕ್ಷೆಯನ್ನು ನೀವೇ ಯೋಚಿಸಿ. ಬಿಚ್ಚುವ ಕೆಲಸ ಅದಾದ ಮೇಲೆ.